ಹತ್ತಿರ ಕೂಡುವ ವಿದ್ಯೆ

ಹೋದ ಶ್ರಾವಣದಲ್ಲಿ ಹುಬ್ಬಳ್ಳಿಯಿಂದ ನನ್ನ ತಂಗಿಯ ಮೊಮ್ಮಗಳು ಬಂದಿದ್ದಳು. ಬಿ.ಎ. ಮುಗಿದಿದೆ, ಮುಂದೇನು ಓದಬೇಕೆಂಬ ಚರ್ಚೆ ಅವರ ಮನೆಯಲ್ಲಿ ನಡೆದಿದೆ. ನಾನು ಒಲೆಯ ಮುಂದೆ ಸೇಂಗಾ ಹುರಿಯುತ್ತಿದ್ದೆ. ಬಾಗಿಲಿಗೆ ಆತು ನಿಂತು ಅವಳು ಕೇಳಿದಳು:

"ಅಜ್ಜಿ, ನೀವು ಅಮೆರಿಕಾದಾಗ ಎರಡ ವರ್ಷದ ಕೋರ್ಸ್ ಮಾಡಿ ಹುಚ್ಚರ ಡಾಕ್ಟರ್ ಆಗಿದ್ರಂತ. ಅಮ್ಮ ಹೇಳತಿದ್ಲು. ಖರೇನ್ರಿ?"

ನನಗೆ ನಗು ಬಂತು. "ಡಾಕ್ಟರ್ ಎಲ್ಲಿಂದ ಬಂತು ತಂಗಿ? ಡಾಕ್ಟರ್ ಬರೂತನಕಾ ಪೇಶಂಟ್ ಹತ್ರ ಕೂಡಾಕಿ ಆಗಿದ್ದೆ, ಅಷ್ಟ."

"ಹತ್ರ ಕೂಡಾಕ ಎರಡ ವರ್ಷ ಕಾಲೇಜ್ ಬೇಕೇನ್ರಿ?"

ಹುಡುಗಿ ಚೇಷ್ಟೆಗೆ ಕೇಳಿದ ಮಾತು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಪ್ರಶ್ನೆಯನ್ನು ಅಮೆರಿಕದ ದೊಡ್ಡ ದೊಡ್ಡ ಡಾಕ್ಟರುಗಳು 1960ರ ದಶಕದಲ್ಲಿ ಕೇಳಿದ್ದರು. ನನ್ನ ಅವ್ವ ಒಂದು ಇನ್ಲ್ಯಾಂಡ್ ಪತ್ರದಲ್ಲಿ ಕೇಳಿದ್ದಳು. ಉತ್ತರ ಹೇಳಬೇಕೆಂದರೆ ಒಂದು ಚರಿತ್ರೆಯನ್ನೇ ಹೇಳಬೇಕಾಗುತ್ತದೆ. ಅದರ ಒಂದು ಮೂಲೆಯಲ್ಲಿ ನಾನೂ ಇದ್ದೆ. ಇನ್ನೊಂದು ಮೂಲೆಯಲ್ಲಿ ನಮ್ಮ ಚಿಗವ್ವ ಇದ್ದಳು.

ಮೊದಲು ಚಿಗವ್ವನ ಮಾತು. ನಮ್ಮದು ಧಾರವಾಡದ ಹತ್ತಿರದ ಹಳ್ಳಿ. ನಮ್ಮ ಕಡೆ ಯಾರಾದರೂ ತಲೆಕೆಟ್ಟಂತೆ ಮಾತಾಡಿದರೆ "ಇವನ್ನ ಧಾರವಾಡಕ್ಕ ಕಳಸಬೇಕು" ಅನ್ನುತ್ತಿದ್ದರು. ಬ್ರಿಟಿಷರ ಕಾಲದಿಂದಲೂ ಅಲ್ಲಿ ಮಾನಸಿಕ ಆಸ್ಪತ್ರೆ ಇತ್ತಲ್ಲ, ಅದಕ್ಕೆ. ಉಳಿದವರಿಗೆ ಧಾರವಾಡವೆಂದರೆ ಪೇಢೆ, ಕವಿಗಳು, ಕಾಲೇಜು. ನಮ್ಮ ಮನೆಯಲ್ಲಿ ಆ ಊರಿನ ಹೆಸರನ್ನು ತಗ್ಗಿದ ದನಿಯಲ್ಲಿ ಆಡುತ್ತಿದ್ದರು. ಅವ್ವನ ತಂಗಿಗೆ ಮದುವೆಯಾಗಿ ವರ್ಷ ತುಂಬುವುದರೊಳಗೆ ಮನಸ್ಸು ಕೆಟ್ಟಿತ್ತು. ಗಂಡನ ಮನೆಯವರು ತಂದು ಬಿಟ್ಟುಹೋದರು. ಆಸ್ಪತ್ರೆಗೆ ತೋರಿಸಿದರೆ ಮನೆತನಕ್ಕೆ ಹೆಸರು ಬರುತ್ತದೆ, ಉಳಿದ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾಗುತ್ತದೆ ಎಂದು ಹಿತ್ತಲ ಕಡೆಯ ಕೋಣೆಯಲ್ಲಿ ಆಕೆಯನ್ನು ಇಟ್ಟರು. 'ಉಳಿದ ಹೆಣ್ಣುಮಕ್ಕಳು' ಎಂದರೆ ನಾವೇ. ನಾನು ಮತ್ತು ನನ್ನ ತಂಗಿ.

ಆ ಕೋಣೆಗೆ ಹೋಗಿಬರುತ್ತಿದ್ದವಳು ಒಬ್ಬಳೇ. ಮನೆಗೆಲಸದ ಮುದುಕಿ. ನಾವು ಮಕ್ಕಳು ಆಯಿ ಎನ್ನುತ್ತಿದ್ದೆವು. ಮಧ್ಯಾಹ್ನ ಕೆಲಸ ತೀರಿದ ಮೇಲೆ ಆಕೆ ಚಿಗವ್ವನ ಹೊಸ್ತಿಲ ಮೇಲೆ ಕೂತು ಮೊರದ ತುಂಬ ಸೇಂಗಾ ಇಟ್ಟುಕೊಂಡು ಒಡೆಯುವಳು. ಒಂದಿಷ್ಟು ಕಾಯಿ ಚಿಗವ್ವನ ಕಡೆ ಸರಿಸುವಳು. ಮಾತಾಡಿದರೆ ಆಡಿದಳು, ಇಲ್ಲದಿದ್ದರೆ ಇಲ್ಲ. ಕೆಲವು ದಿನ ಚಿಗವ್ವ ಮೊರವನ್ನೇ ಎತ್ತಿ ಒಗೆಯುತ್ತಿದ್ದಳು. ಆಯಿ ಸುಮ್ಮನೆ ಕಾಯಿ ಆರಿಸಿಕೊಂಡು ಮತ್ತೆ ಕೂಡುತ್ತಿದ್ದಳು. ಈ ಕೆಲಸಕ್ಕೆಂದು ಸುಗ್ಗಿಯಲ್ಲಿ ಆಕೆಗೆ ಎರಡು ಸೇರು ಜೋಳ ಹೆಚ್ಚು ಕೊಡುತ್ತಿದ್ದರು.

ಇದಿಷ್ಟು ನೆನಪಿಟ್ಟುಕೊಳ್ಳಿ. ಈಗ ಅಮೆರಿಕಕ್ಕೆ ಹೋಗೋಣ.

1973ರಲ್ಲಿ ನಾನು ಯಜಮಾನರ ಜೊತೆ ಒಹಾಯೊ ರಾಜ್ಯದ ಒಂದು ಊರಿಗೆ ಹೋದೆ. ಅವರು ಇಂಜಿನಿಯರು, ನಾನು ಕರ್ನಾಟಕ ವಿಶ್ವವಿದ್ಯಾಲಯದ ಬಿ.ಎ. ಮೂರು ವರ್ಷ ಹಿಮ ನೋಡುತ್ತ, ಮಗುವನ್ನು ಬೆಳೆಸುತ್ತ ಕಳೆದೆ. ಮಗ ಶಾಲೆಗೆ ಹೋಗತೊಡಗಿದ ಮೇಲೆ ಮನೆ ಖಾಲಿ ಖಾಲಿ. ಆಗ ಪಕ್ಕದ ಮನೆಯಾಕೆ ಊರ ಕಮ್ಯುನಿಟಿ ಕಾಲೇಜಿನ ಪುಸ್ತಿಕೆಯೊಂದನ್ನು ತಂದುಕೊಟ್ಟಳು. ಕಾರು ರಿಪೇರಿ, ಟೈಪಿಂಗ್, ನರ್ಸಿಂಗ್ ಎಂದೆಲ್ಲ ಇತ್ತು. ಅವುಗಳ ನಡುವೆ ಒಂದು ಸಾಲು: ಮಾನಸಿಕ ಆರೋಗ್ಯ ಕಾರ್ಯಕರ್ತರ ಎರಡು ವರ್ಷದ ಪದವಿ. ಹೆಸರು ಅಸೋಸಿಯೇಟ್ ಡಿಗ್ರಿ. ಓದಿದೊಡನೆ ನನಗೆ ಹಿತ್ತಲ ಕೋಣೆ ನೆನಪಾಯಿತು. ಇಂಥದ್ದನ್ನೂ ಕಾಲೇಜಿನಲ್ಲಿ ಕಲಿಸುತ್ತಾರೆಯೇ?

ಕಲಿಸುವ ಸ್ಥಿತಿ ಹೇಗೆ ಬಂತು ಎನ್ನುವುದನ್ನು ನಾನು ಆಮೇಲೆ ತರಗತಿಯಲ್ಲಿ, ಲೈಬ್ರರಿಯಲ್ಲಿ ಕೂತು ತಿಳಿದುಕೊಂಡೆ.

ಇಡೀ ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಆ ಶ್ರೀಮಂತ ದೇಶ ತನ್ನ ಮನೋರೋಗಿಗಳನ್ನು ಊರಾಚೆಯ ದೊಡ್ಡ ದೊಡ್ಡ ಸರಕಾರಿ ಆಸ್ಪತ್ರೆಗಳಲ್ಲಿ ತುಂಬಿಟ್ಟಿತ್ತು. ಅಲ್ಲಿ ವೈದ್ಯರು ಕಣ್ಣಿಗೆ ಬೀಳುತ್ತಿದ್ದುದೇ ಅಪರೂಪ. ಹಗಲೂ ರಾತ್ರಿ ರೋಗಿಗಳ ಜೊತೆ ಇರುತ್ತಿದ್ದವರು 'ಅಟೆಂಡೆಂಟ್' ಎಂಬ ಕಡಿಮೆ ಸಂಬಳದ ನೌಕರರು. ತರಬೇತಿ ಇಲ್ಲ, ಮರ್ಯಾದೆ ಇಲ್ಲ. ಕೆಲವರು ಕರುಣಾಳುಗಳು, ಕೆಲವರು ಕೈಯಲ್ಲಿ ಬೀಗದ ಕೈ ಗೊಂಚಲು ಹಿಡಿದ ಜೈಲರುಗಳು. ಎರಡನೇ ಮಹಾಯುದ್ಧದಲ್ಲಿ ಇವರೂ ಸೈನ್ಯಕ್ಕೋ ಕಾರ್ಖಾನೆಗೋ ಹೋಗಿಬಿಟ್ಟಾಗ, ಧರ್ಮದ ಕಾರಣಕ್ಕೆ ಬಂದೂಕು ಹಿಡಿಯಲಾರೆವೆಂದ ಸುಮಾರು 3 ಸಾವಿರ ತರುಣರನ್ನು ಸರಕಾರ ಯುದ್ಧದ ಬದಲು ಮಾನಸಿಕ ಆಸ್ಪತ್ರೆಗಳ ಚಾಕರಿಗೆ ಕಳಿಸಿತು. ಅವರು ಕಣ್ಣಾರೆ ಕಂಡದ್ದನ್ನು ಬರೆದಿಟ್ಟರು. 1946ರ ಮೇ ತಿಂಗಳಲ್ಲಿ ಲೈಫ್ ಪತ್ರಿಕೆ ಅದನ್ನು ಚಿತ್ರಗಳ ಸಮೇತ ಅಚ್ಚು ಹಾಕಿದಾಗ ದೇಶವೇ ತಲೆತಗ್ಗಿಸಿತು. ಬರಿಮೈಯ ರೋಗಿಗಳು, ನೆಲದ ಮೇಲೆ ಸಾಲಾಗಿ ಮಲಗಿದವರು. ಬಾಗಿಲು ತೆರೆದು ಒಳಗಿನದನ್ನು ಲೋಕಕ್ಕೆ ತೋರಿಸಿದವರು ವೈದ್ಯರಲ್ಲ, ರೋಗಿಗಳ ಹತ್ತಿರ ಕೂತವರು. ಈ ಸಂಗತಿ ನನಗೆ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ.

ಆದರೂ 1955ರ ಹೊತ್ತಿಗೆ ಆ ಆಸ್ಪತ್ರೆಗಳಲ್ಲಿ 5 ಲಕ್ಷ 58 ಸಾವಿರಕ್ಕೂ ಹೆಚ್ಚು ಜನರಿದ್ದರು. ಅದರ ಹಿಂದಿನ ವರ್ಷವಷ್ಟೇ ಕ್ಲೋರ್‌ಪ್ರೊಮಜಿನ್ ಎಂಬ ಹೊಸ ಔಷಧಿ ಅಲ್ಲಿ ಬಳಕೆಗೆ ಬಂದಿತ್ತು. ಕೂಗಾಡುತ್ತಿದ್ದವರು ಶಾಂತರಾದರು. ಶಾಂತರಾದವರನ್ನು ಮನೆಗೆ ಕಳಿಸಬಹುದೆಂಬ ಆಸೆ ಹುಟ್ಟಿತು. ಆದರೆ ಮನೆಗೆ ಬಂದವರನ್ನು ವಿಚಾರಿಸುವವರು ಯಾರು? ಅದೇ ವರ್ಷ ಅಮೆರಿಕದ ಸಂಸತ್ತು ಕಾನೂನೊಂದನ್ನು ಮಾಡಿ ಇಡೀ ಸಮಸ್ಯೆಯ ಅಧ್ಯಯನಕ್ಕೆ ಒಂದು ಜಂಟಿ ಆಯೋಗಕ್ಕೆ ದಾರಿ ಮಾಡಿಕೊಟ್ಟಿತು. ಆ ಆಯೋಗಕ್ಕಾಗಿ ಜಾರ್ಜ್ ಆಲ್ಬೀ ಎಂಬ ಮನಶ್ಶಾಸ್ತ್ರಜ್ಞರು 1959ರಲ್ಲಿ ಲೆಕ್ಕ ಹಾಕಿ ಒಂದು ಪುಸ್ತಕ ಬರೆದರು. ಸಾರಾಂಶ ಇಷ್ಟೇ: ಎಷ್ಟೇ ಕಾಲೇಜು ತೆರೆದರೂ ಬೇಕಾದಷ್ಟು ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಕಣ್ಣಳತೆಯ ಕಾಲದಲ್ಲಿ ತಯಾರಾಗುವುದಿಲ್ಲ. ನಮ್ಮ ಹಳ್ಳಿಯ ಲೆಕ್ಕದಲ್ಲಿ ಹೇಳುವುದಾದರೆ, ಮದುವೆಗೆ ಸಾವಿರ ಮಂದಿ ಬಂದಿದ್ದಾರೆ, ಬಡಿಸುವವರು ನಾಲ್ಕೇ ಜನ.

ಹಾಗಾದರೆ ಮಿಕ್ಕವರು ಬಡಿಸಬಾರದೆ?

ಈ ಪ್ರಶ್ನೆಗೆ ಮೊದಲ ಉತ್ತರ ಕೊಟ್ಟವರು ಎಂಟು ಜನ ಗೃಹಿಣಿಯರು. ಇದನ್ನು ಹೇಳುವಾಗ ನನಗೆ ಈಗಲೂ ಒಂದು ಬಗೆಯ ಹೆಮ್ಮೆ. ಮಾರ್ಗರೆಟ್ ರಿಯಾಕ್ ಎಂಬ ಮನಶ್ಶಾಸ್ತ್ರಜ್ಞೆ 1960ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಒಂದು ಪ್ರಯೋಗ ಮಾಡಿದರು. ಮಕ್ಕಳು ದೊಡ್ಡವರಾಗಿ ಕೈ ಖಾಲಿಯಾದ, ನಲವತ್ತರ ಆಸುಪಾಸಿನ, ಓದಿದ ಎಂಟು ಹೆಂಗಸರನ್ನು ಆರಿಸಿ, ದಿನಕ್ಕೆ ಅರ್ಧ ಹೊತ್ತಿನಂತೆ ಎರಡು ವರ್ಷ ತರಬೇತಿ ಕೊಟ್ಟರು. ಅವರ ತರ್ಕ ಸರಳವಾಗಿತ್ತು. ಮಕ್ಕಳನ್ನು ಸಾಕಿದ, ಅತ್ತೆ ಮಾವಂದಿರನ್ನು ನೋಡಿದ, ಅವರಿವರ ಸಿಟ್ಟು ಸೆಡವು ನುಂಗಿ ಮನೆ ನಡೆಸಿದ ಹೆಂಗಸಿಗೆ ಮನುಷ್ಯರ ಮನಸ್ಸಿನ ಬಗ್ಗೆ ಏನೂ ಗೊತ್ತಿಲ್ಲವೆಂದರೆ ಹೇಗೆ? ಅವರು ರೋಗಿಗಳ ಜೊತೆ ಆಡಿದ ಮಾತುಗಳನ್ನು ಟೇಪಿನಲ್ಲಿ ಹಿಡಿದು, ಮಾತಾಡಿದವರು ಯಾರೆಂದು ತಿಳಿಸದೆ ಹೊರಗಿನ ತಜ್ಞರಿಗೆ ಕೇಳಿಸಿದರು. ತಜ್ಞರು ಒಳ್ಳೆಯ ಅಂಕವನ್ನೇ ಕೊಟ್ಟರು. ತರಬೇತಿ ಮುಗಿದ ಮೇಲೆ ಅವರಿಗೆ ಕೆಲಸವೂ ಸಿಕ್ಕಿತು. 1963ರಲ್ಲಿ ಈ ವರದಿ ಪ್ರಕಟವಾದಾಗ ಬಹಳಷ್ಟು ಹುಬ್ಬುಗಳು ಮೇಲೇರಿದವು. ಡಾಕ್ಟರೇಟು ಮಾಡಿದವರ ಕೆಲಸವನ್ನು ಗೃಹಿಣಿಯರು ಮಾಡುವುದೆಂದರೇನು!

ಆ ಎಂಟೂ ಮಂದಿ ಅನುಕೂಲಸ್ಥರ ಮನೆಯ ಹೆಂಡಂದಿರು ಎಂಬುದನ್ನೂ ಹೇಳಿಬಿಡಬೇಕು. ನಮ್ಮ ಆಯಿಯಂಥವರಿಗೆ ಅಲ್ಲಿ ಬಾಗಿಲು ತೆರೆದಿರಲಿಲ್ಲ. ಆ ಬಾಗಿಲು ತೆರೆದದ್ದು ಸ್ವಲ್ಪ ತಡವಾಗಿ, ಬೇರೆ ದಾರಿಯಿಂದ.

1963ರ ಅಕ್ಟೋಬರ್ 31ರಂದು ಅಧ್ಯಕ್ಷ ಕೆನಡಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳ ಕಾನೂನಿಗೆ ಸಹಿ ಹಾಕಿದರು. ಮೂರು ವಾರದಲ್ಲಿ ಅವರ ಕೊಲೆಯಾಯಿತು. ಈ ಕಾನೂನಿನ ಹಿಂದೆ ಅವರ ಮನೆಯದೇ ಒಂದು ಹಿತ್ತಲ ಕೋಣೆಯ ಕತೆ ಇದೆಯೆಂದು ನನಗೆ ಆಮೇಲೆ ತಿಳಿಯಿತು. ಅವರ ತಂಗಿ ರೋಸ್‌ಮೇರಿಗೆ 1941ರಲ್ಲಿ, 23ನೇ ವಯಸ್ಸಿನಲ್ಲಿ, ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿಸಿ, ಅದು ಕೆಟ್ಟು, ಆಕೆ ಜೀವನಪರ್ಯಂತ ಮನೆಯಿಂದ ದೂರ ಉಳಿದಳು. ಎಷ್ಟೋ ವರ್ಷ ಆಕೆಯ ಸುದ್ದಿಯನ್ನು ಹೊರಗೆ ಬಿಟ್ಟಿರಲಿಲ್ಲ. ಅಧ್ಯಕ್ಷರ ಮನೆತನಕ್ಕೂ ಹೆಸರಿನ ಚಿಂತೆ ಇರುತ್ತದೆ ನೋಡಿ.

ಈ ಕಾನೂನಿನಿಂದ ಊರೂರಲ್ಲಿ ಕೇಂದ್ರ ಕಟ್ಟಲು ಹಣ ಬಂತು, 1965ರಲ್ಲಿ ಸಿಬ್ಬಂದಿಗೂ ಹಣ ಬಂತು. ಸಿಬ್ಬಂದಿ ಎಲ್ಲಿ? ಅದೇ ಸಮಯದಲ್ಲಿ ಆ ದೇಶದಲ್ಲಿ ಕಮ್ಯುನಿಟಿ ಕಾಲೇಜುಗಳ ಸುಗ್ಗಿ. ಎರಡೇ ವರ್ಷ ಓದು, ಕಡಿಮೆ ಫೀಸು, ಮನೆಯಿಂದಲೇ ಹೋಗಿಬರಬಹುದು, ವಯಸ್ಸಿನ ಮಿತಿ ಇಲ್ಲ. 1960ರ ದಶಕವೊಂದರಲ್ಲೇ 450ಕ್ಕೂ ಹೆಚ್ಚು ಇಂಥ ಸರಕಾರಿ ಕಾಲೇಜುಗಳು ಹೊಸದಾಗಿ ತೆರೆದವು. ಹೆಚ್ಚುಕಡಿಮೆ ವಾರಕ್ಕೊಂದು! ಒಂದು ಕಡೆ ಕೆಲಸಗಾರರಿಲ್ಲದ ಕೇಂದ್ರಗಳು, ಇನ್ನೊಂದು ಕಡೆ ಕೆಲಸ ಕಲಿಸಲು ಸಿದ್ಧವಾದ ಕಾಲೇಜುಗಳು. ಎರಡನ್ನೂ ಗಂಟುಹಾಕಿದ ಮೊದಲ ಪ್ರಯತ್ನ ನಮ್ಮ ಒಹಾಯೊದ ಪಕ್ಕದ ಇಂಡಿಯಾನಾ ರಾಜ್ಯದಲ್ಲಿ, ಪರ್ಡ್ಯೂ ವಿಶ್ವವಿದ್ಯಾಲಯದ ಫೋರ್ಟ್ ವೇನ್ ಶಾಖೆಯಲ್ಲಿ ನಡೆಯಿತು. 1965ರಲ್ಲಿ ಜಾನ್ ಟ್ರೂ ಮತ್ತು ಅವರ ಸಂಗಡಿಗರು ರಾಷ್ಟ್ರೀಯ ಸಂಸ್ಥೆಯ ಧನಸಹಾಯದಿಂದ ಮಾನಸಿಕ ಆರೋಗ್ಯ ಕಾರ್ಯಕರ್ತರಿಗೆಂದೇ ಎರಡು ವರ್ಷದ ಪದವಿಯನ್ನು ರೂಪಿಸಿದರು. ಅರ್ಧ ಪುಸ್ತಕದ ಓದು, ಅರ್ಧ ರೋಗಿಗಳ ನಡುವೆ ಕೆಲಸ.

ದಕ್ಷಿಣದ ರಾಜ್ಯಗಳಲ್ಲಿ ಇದನ್ನು ಹಬ್ಬಿಸಿದವರು ಅಟ್ಲಾಂಟಾದಲ್ಲಿದ್ದ ಒಂದು ಪ್ರಾದೇಶಿಕ ಶಿಕ್ಷಣ ಮಂಡಳಿಯ ಹೆರಾಲ್ಡ್ ಮ್ಯಾಕ್‌ಫೀಟರ್ಸ್ ಎಂಬ ಮನೋವೈದ್ಯರು. 'ಇವರು ಯಾರ ಸಹಾಯಕರು? ಡಾಕ್ಟರದೋ, ನರ್ಸಿನದೋ?' ಎಂದು ಜನ ಕೇಳಿದರೆ, ಆ ಮಂಡಳಿಯವರ ಉತ್ತರ ಬೇರೆಯೇ ಇತ್ತು. ಇವರು ಯಾರ ಬಾಲವೂ ಅಲ್ಲ, ರೋಗಿಗೆ ಏನು ಬೇಕೋ ಅದನ್ನು ನೋಡುವವರು. 1969ರಲ್ಲಿ ಅವರು ಇಂಥ ಕೆಲಸಗಾರರ ಪಾತ್ರಗಳನ್ನು ಪಟ್ಟಿ ಮಾಡಿದರು. ಒಟ್ಟು 13. ಮನೆಮನೆಗೆ ಹೋಗಿ ಕಷ್ಟದಲ್ಲಿರುವವರನ್ನು ಹುಡುಕುವುದು, ಅವರನ್ನು ಸರಿಯಾದ ಕಚೇರಿಗೆ ಮುಟ್ಟಿಸುವುದು, ಅವರ ಪರವಾಗಿ ವಾದಿಸುವುದು, ಕಲಿಸುವುದು, ಆರೈಕೆ ಮಾಡುವುದು, ಊರವರನ್ನು ಕೂಡಿಸುವುದು, ಲೆಕ್ಕಪತ್ರ ಇಡುವುದು... ತಜ್ಞರಿಗೆ ಸಹಾಯಕರಾಗುವುದೂ ಆ 13ರಲ್ಲಿ ಒಂದು, ಒಂದೇ ಒಂದು. ನಮ್ಮ ಮೇಡಂ ಈ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದಾಗ ನಾನು ನನ್ನ ನೋಟುಬುಕ್ಕಿನ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ: 'ಅವ್ವ ದಿನಾ ಮಾಡೂದು.'

1976ರಲ್ಲಿ ನಾನು ಸೇರಿದಾಗ ತರಗತಿಯಲ್ಲಿ ಇಪ್ಪತ್ತೆರಡು ಜನ. ಹದಿನೆಂಟರ ಹುಡುಗ ಹುಡುಗಿಯರು ನಾಲ್ಕೈದು ಮಂದಿ ಅಷ್ಟೇ. ಉಳಿದವರು ವಿಚ್ಛೇದನವಾಗಿ ಮಕ್ಕಳನ್ನು ಸಾಕುತ್ತಿದ್ದ ಹೆಂಗಸರು, ಹತ್ತು ವರ್ಷದಿಂದ ಆಸ್ಪತ್ರೆಯಲ್ಲಿ ಅಟೆಂಡೆಂಟ್ ಆಗಿದ್ದ ಕಪ್ಪು ಜನಾಂಗದ ಇಬ್ಬರು, ವಿಯೆಟ್ನಾಂ ಯುದ್ಧದಿಂದ ಮರಳಿದ ಒಬ್ಬ. ಸೀರೆ ಉಟ್ಟವಳು ನಾನೊಬ್ಬಳೇ. ಮೊದಲ ವರ್ಷ ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಇಂಗ್ಲಿಷು. ಜೊತೆಗೆ ಎದುರಿನವರ ಮಾತು ಕೇಳುವುದು ಹೇಗೆಂಬ ಅಭ್ಯಾಸ. ನಗಬೇಡಿ. ಎದುರಿನವರು ನಿಲ್ಲಿಸಿದಾಗ ಸುಮ್ಮನಿರುವುದನ್ನು ಕಲಿಯಲು ನನಗೆ ಒಂದು ಇಡೀ ಸೆಮಿಸ್ಟರು ಹಿಡಿಯಿತು. ಯಾರಾದರೂ ಅತ್ತರೆ "ಅಳಬ್ಯಾಡ" ಅನ್ನುವುದು ನಮ್ಮ ರಕ್ತದಲ್ಲೇ ಇದೆ. ಅದನ್ನು ಅನ್ನದೆ ಇರುವುದು ದೊಡ್ಡ ವಿದ್ಯೆ.

ಎರಡನೇ ವರ್ಷ ವಾರ್ಡಿಗೆ ಹಾಕಿದರು. ನನ್ನ ಪಾಲಿಗೆ ಬಂದವಳು ಅರವತ್ತು ದಾಟಿದ ಒಬ್ಬ ಹೆಂಗಸು. ದಿನವಿಡೀ ಕಿಟಕಿಯ ಹತ್ತಿರ ನಿಂತಿರುವಳು, ಮಾತಿಲ್ಲ. ಫೈಲಿನಲ್ಲಿ ಇಪ್ಪತ್ತಾರು ವರ್ಷದ ಇತಿಹಾಸವಿತ್ತು. ಏನು ಮಾಡಬೇಕೆಂದು ತೋಚದೆ, ಒಂದು ದಿನ ಉಲ್ಲನ್ನಿನ ಲಡಿ ತೆಗೆದುಕೊಂಡು ಹೋದೆ. ಲಡಿಯಿಂದ ಉಂಡೆ ಸುತ್ತಬೇಕಾದರೆ ಇನ್ನೊಬ್ಬರು ಎರಡೂ ಕೈಯಲ್ಲಿ ಹಿಡಿದಿರಬೇಕಲ್ಲವೆ? ಆಕೆಯ ಕೈಗೆ ಹಾಕಿದೆ. ಬೀಳಿಸಿಬಿಟ್ಟಳು. ಮರುದಿನ ಮತ್ತೆ ಹಾಕಿದೆ. ಆಕೆ ಹಿಡಿದದ್ದು ನಾಲ್ಕನೇ ದಿನ. ಮೂರನೇ ವಾರ, ನಾನು ಸುತ್ತುತ್ತಿದ್ದಾಗ, ಆಕೆ ತನ್ನ ಕೈ ನೋಡಿಕೊಂಡು ಹೇಳಿದಳು, "ಗಂಟಾಗಿದೆ."

ನಾನು ಆ ದಿನ ಮನೆಗೆ ಬಂದು ಅತ್ತೆ. ನಾನು ಮಾಡಿದ್ದು ಬೇರೇನೂ ಅಲ್ಲ, ಆಯಿಯ ಸೇಂಗಾ ಮೊರ. ಕಾಲೇಜು ನನಗೆ ಅದರ ಹೆಸರು ಹೇಳಿಕೊಟ್ಟಿತ್ತು, ಅದು ಯಾಕೆ ಫಲ ಕೊಡುತ್ತದೆಂದು ಹೇಳಿಕೊಟ್ಟಿತ್ತು. ಜೊತೆಗೆ ಇನ್ನೊಂದನ್ನೂ ಹೇಳಿಕೊಟ್ಟಿತ್ತು: ಕಂಡದ್ದನ್ನು ಬರೆದಿಡು.

ಬರೆದಿಟ್ಟೆ. ಮುಂದೆ 1978ರಲ್ಲಿ ಪದವಿ ಮುಗಿಸಿ ಒಂದು ಸಮುದಾಯ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ ಮೇಲೂ ಬರೆದಿಟ್ಟೆ. ಆದರೆ ನಾನು ಬರೆದದ್ದಕ್ಕೆ ನನ್ನ ಸಹಿ ಸಾಲದು. ಮೇಲಿನ ಡಿಗ್ರಿಯವರು ಸಹಿ ಮಾಡಬೇಕು. ಒಮ್ಮೆ ಸಭೆಯಲ್ಲಿ ನನ್ನ ಟಿಪ್ಪಣಿಯನ್ನೇ ಓದಿ, ಸಹಿ ಹಾಕಿದವರನ್ನು ಮೆಚ್ಚಿ ಮಾತಾಡಿದರು. ಅವರು ಆ ರೋಗಿಯನ್ನು ಎರಡು ಸಲವೂ ಕಂಡಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತ ನಾನು ಬಾಯಿ ತೆರೆಯಲಿಲ್ಲ. ಸಂಬಳವೂ ಅದಕ್ಕೆ ತಕ್ಕಂತೆಯೇ ಇತ್ತು. ಕೆಲಸ ಹೆಚ್ಚುಕಡಿಮೆ ಅದೇ, ಚೀಟಿ ಬೇರೆ. ನಮ್ಮನ್ನು ಕರೆಯುತ್ತಿದ್ದ ಹೆಸರು 'ಟೆಕ್ನಿಷಿಯನ್'. ರೇಡಿಯೋ ರಿಪೇರಿ ಮಾಡುವವನಿಗೂ ಅದೇ ಹೆಸರು.

ಇದು ನನ್ನೊಬ್ಬಳ ಅಳಲಾಗಿರಲಿಲ್ಲ. 1965ರಲ್ಲಿ ಆರ್ಥರ್ ಪರ್ಲ್ ಮತ್ತು ಫ್ರಾಂಕ್ ರೀಸ್‌ಮನ್ ಎಂಬಿಬ್ಬರು 'ಬಡವರಿಗೆ ಹೊಸ ವೃತ್ತಿಗಳು' ಎಂಬ ವಿಚಾರದ ಪುಸ್ತಕ ಬರೆದಿದ್ದರು. ಬಡವರಿಗೆ ಮೊದಲು ಕೆಲಸ ಕೊಡಿ, ಕೆಲಸ ಮಾಡುತ್ತಲೇ ಅವರು ಓದಲಿ, ಮೆಟ್ಟಿಲು ಮೆಟ್ಟಿಲಾಗಿ ಏರಿ ಮೇಲಿನ ಹುದ್ದೆಗೆ ಹೋಗಲಿ ಎಂಬುದು ಅದರ ತಿರುಳು. ಎರಡು ವರ್ಷದ ಪದವಿ ಆ ಏಣಿಯ ನಡುವಿನ ಒಂದು ಮೆಟ್ಟಿಲು. ಅದೇ ಹುರುಪಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಲಿಂಕನ್ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ ಕೇರಿಯ ಜನರನ್ನೇ ಕೆಲಸಕ್ಕೆ ತೆಗೆದುಕೊಂಡಿತು. ಆದರೆ ಏಣಿಯ ಮೇಲಿನ ಮೆಟ್ಟಿಲುಗಳನ್ನು ಯಾರೂ ಜೋಡಿಸಿರಲಿಲ್ಲ. 1969ರ ಮಾರ್ಚಿನಲ್ಲಿ ಆ ನೌಕರರು ವಿಭಾಗದ ಕಚೇರಿಯನ್ನೇ ತಮ್ಮ ವಶಕ್ಕೆ ತೆಗೆದುಕೊಂಡು ಕೂತರು. ನಮ್ಮ ತರಗತಿಯಲ್ಲಿ ಈ ಪ್ರಸಂಗ ಓದಿದ ದಿನ ಆ ಇಬ್ಬರು ಹಳೆಯ ಅಟೆಂಡೆಂಟರು ಮುಖ ಮುಖ ನೋಡಿಕೊಂಡು ನಕ್ಕದ್ದು ನನಗೆ ನೆನಪಿದೆ.

ಆದರೂ ಕೋರ್ಸು ಬೆಳೆಯಿತು. 1965ರಲ್ಲಿ ಒಂದು ಕಡೆ ಮೊಳೆತದ್ದು 1970ರ ದಶಕದ ನಡುವಿಗೆ ನೂರಕ್ಕೂ ಹೆಚ್ಚು ಕಾಲೇಜುಗಳಿಗೆ ಹಬ್ಬಿತ್ತು. ಇದನ್ನು ಕಲಿಸುವ ಮೇಷ್ಟ್ರುಗಳು 1975ರಲ್ಲಿ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಮೆಲ್ಲಗೆ ಹೆಸರೂ ಬದಲಾಯಿತು. 'ಮಾನಸಿಕ ಆರೋಗ್ಯ' ಹೋಗಿ 'ಮಾನವ ಸೇವೆ' ಬಂತು. ವೃದ್ಧರು, ಕುಡಿತಕ್ಕೆ ಬಿದ್ದವರು, ಅನಾಥ ಮಕ್ಕಳು ಎಲ್ಲರನ್ನೂ ಒಳಗೊಳ್ಳುವ ಹೆಸರು. ಅದರ ಹಿಂದೆ ಒಂದು ಲೆಕ್ಕಾಚಾರವೂ ಇತ್ತು: ಒಂದು ಬಾಗಿಲಲ್ಲಿ ಹಣ ನಿಂತರೆ ಇನ್ನೊಂದು ಬಾಗಿಲಿಂದ ಕೆಲಸ ಸಿಗಲಿ.

ಹಣ ನಿಂತೇಬಿಟ್ಟಿತು. ಅಧ್ಯಕ್ಷ ಕಾರ್ಟರ್ ಅವರ ಪತ್ನಿ ರೋಸಲಿನ್ ಈ ವಿಷಯವನ್ನು ಮನಸ್ಸಿಗೆ ಹಚ್ಚಿಕೊಂಡು ದುಡಿದಿದ್ದರು. 1980ರ ಅಕ್ಟೋಬರಿನಲ್ಲಿ ಹೊಸ ಕಾನೂನೂ ಬಂದಿತ್ತು. ಮರುವರ್ಷ ರೀಗನ್ ಸರಕಾರ ಅದನ್ನು ಬಹುಪಾಲು ಅಳಿಸಿಹಾಕಿ, ಹಣವನ್ನು ಕಡಿಮೆ ಮಾಡಿ, ಇಡುಗಂಟಾಗಿ ರಾಜ್ಯಗಳಿಗೆ ಕೊಟ್ಟುಬಿಟ್ಟಿತು. 1,500 ಸಮುದಾಯ ಕೇಂದ್ರಗಳ ಕನಸು ಅದರ ಅರ್ಧದ ಆಸುಪಾಸಿಗೇ ನಿಂತಿತು. ದೊಡ್ಡ ಆಸ್ಪತ್ರೆಗಳಿಂದ ಹೊರಬಂದವರಲ್ಲಿ ಎಷ್ಟೋ ಮಂದಿ ಬೀದಿಪಾಲಾದರು. ನಮ್ಮ ಕೇಂದ್ರದಲ್ಲಿ 1982ರ ಒಂದು ಶುಕ್ರವಾರ ಆರು ಜನರಿಗೆ ಚೀಟಿ ಬಂತು. ಆರೂ ಜನ ಎರಡು ವರ್ಷದ ಪದವಿಯವರು. ಅವರಲ್ಲಿ ನಾನೂ ಒಬ್ಬಳು. ನನಗೆ ಮನೆಯಲ್ಲಿ ದುಡಿಯುವವರಿದ್ದರು. ನನ್ನ ಪಕ್ಕದ ಮೇಜಿನವಳು ಮೂರು ಮಕ್ಕಳ ತಾಯಿ. ಆಕೆ ತನ್ನ ಡ್ರಾಯರಿನಿಂದ ರೋಗಿಗಳು ಮಾಡಿಕೊಟ್ಟ ಹುಟ್ಟುಹಬ್ಬದ ಕಾರ್ಡುಗಳನ್ನು ತೆಗೆದು ಒಂದೊಂದಾಗಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

ಈಗ ಅವ್ವನ ಪತ್ರದ ವಿಷಯ. ನಾನು ಓದುತ್ತಿದ್ದಾಗ ಉತ್ಸಾಹದಿಂದ ಮನೆಗೆ ಬರೆದಿದ್ದೆ. ಚಿಗವ್ವನನ್ನು ಕೋಣೆಯಿಂದ ಹೊರಗೆ ತನ್ನಿ, ಕೈಗೆ ಏನಾದರೂ ಕೆಲಸ ಕೊಡಿ, ಬಯ್ಯಬೇಡಿ, ಒಬ್ಬರು ದಿನಾ ಅದೇ ಹೊತ್ತಿಗೆ ಹತ್ತಿರ ಕೂಡಿರಿ, ಡಾಕ್ಟರಿಗೆ ತೋರಿಸಿ, ಈಗ ಒಳ್ಳೆಯ ಔಷಧಿಗಳಿವೆ ಎಂದೆಲ್ಲ. ಅವ್ವನ ಉತ್ತರ ಬಂತು. "ನೀ ಬರದದ್ದನ್ನೆಲ್ಲಾ ಆಯಿ ಇಪ್ಪತ್ತ ವರ್ಷದಿಂದ ಮಾಡಿಕೋತ ಬಂದಾಳ. ಇದನ್ನ ಕಲ್ಯಾಕ ಅಷ್ಟ ದೂರ ಹೋಗಿ ಎರಡ ವರ್ಷ ಓದಬೇಕಾತೇನು?" ಡಾಕ್ಟರಿನ ಮಾತಿಗೆ ಉತ್ತರವೇ ಇರಲಿಲ್ಲ.

ಅವ್ವನ ಮಾತು ಅರ್ಧ ಸರಿ. ಹತ್ತಿರ ಕೂಡುವುದನ್ನು ಆಯಿ ನನಗಿಂತ ಚೆನ್ನಾಗಿ ಬಲ್ಲಳು. ಆದರೆ ಓದಿಲ್ಲದ ಆಯಿಗೆ ಔಷಧಿಯ ಸುದ್ದಿ ಗೊತ್ತಿರಲಿಲ್ಲ. ಗೊತ್ತಿದ್ದರೂ "ಈಕಿನ್ನ ಧಾರವಾಡಕ್ಕ ಕರಕೊಂಡ ಹೋಗ್ರಿ" ಎಂದು ನಮ್ಮ ಅಜ್ಜನೆದುರು ನಿಂತು ಹೇಳುವ ಅಧಿಕಾರ ಅವಳಿಗೆ ಇರಲಿಲ್ಲ. ಕಾಲೇಜು ಕೊಡುವುದು ಇದನ್ನು. ಕರುಣೆಯನ್ನಲ್ಲ, ಕಂಡದ್ದನ್ನು ಹೇಳುವ ಬಾಯನ್ನು. ನನಗೆ ಆ ಬಾಯಿ ಸಿಕ್ಕಿತ್ತು. ನಾನು ಪತ್ರ ಬರೆದೆ, ಎದ್ದು ಬರಲಿಲ್ಲ. ಟಿಕೆಟ್ಟಿನ ಖರ್ಚು, ಮಗನ ಶಾಲೆ, ಹೊಸ ಕೆಲಸ ಎಂದು ಕಾರಣಗಳಿದ್ದವು. 1980ರಲ್ಲಿ ಚಿಗವ್ವ ಆ ಕೋಣೆಯಲ್ಲೇ ತೀರಿಕೊಂಡಳು. ನಾವು 1994ರಲ್ಲಿ ಊರಿಗೆ ಮರಳುವ ಹೊತ್ತಿಗೆ ಆಯಿಯೂ ಇರಲಿಲ್ಲ. ಊರವರ ಮನಸ್ಸಿಗೆ ಧೈರ್ಯ ಹೇಳುವ ಕೆಲಸ ಕಲಿತವಳು ನನ್ನ ಮನೆಯವರೆದುರು ಧೈರ್ಯ ಮಾಡಲಿಲ್ಲ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ನಮ್ಮ ದೇಶದಲ್ಲಿ ಹತ್ತಿರ ಕೂಡುವವರ ಬೆಲೆ ಯಾರಿಗೂ ತಿಳಿದಿರಲಿಲ್ಲ ಎಂದಲ್ಲ. 1950ರ ದಶಕದಲ್ಲೇ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಕರೆಸಿ, ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆಗೇ ಇರಿಸಿದರು. ವೆಲ್ಲೂರಿನಲ್ಲಿಯೂ ಅದೇ ಕ್ರಮ ಬಂತು. ಬೆಂಗಳೂರಿನ ನಿಮ್ಹಾನ್ಸ್ ಹುಟ್ಟಿದ್ದು 1974ರಲ್ಲಿ. ಮರುವರ್ಷವೇ ಅವರು ಸಕಲವಾರ ಎಂಬ ಹಳ್ಳಿಯಲ್ಲಿ ಕೇಂದ್ರ ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸುವುದನ್ನು ಕಲಿಸಬಹುದೇ ಎಂದು ನೋಡಿದರು. 1982ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಅದರ ಪ್ರಯೋಗ ನಡೆದು, ಇಡೀ ದೇಶಕ್ಕೆ ಮಾದರಿಯಾಯಿತು. ಅಮೆರಿಕದಲ್ಲಿ ನನಗೆ ಚೀಟಿ ಕೊಟ್ಟು ಕಳಿಸಿದ ಕೆಲವೇ ವರ್ಷಗಳಲ್ಲಿ ಬಳ್ಳಾರಿಯಲ್ಲಿ ನನ್ನಂಥವರ ಕೆಲಸ ಶುರುವಾಗಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಪಕ್ಕದ ಗೋವಾದಲ್ಲಿ ವೈದ್ಯಕೀಯ ಓದಿಲ್ಲದ ಸ್ಥಳೀಯ ಪದವೀಧರ ಹೆಂಗಸರಿಗೆ ಎರಡು ತಿಂಗಳ ತರಬೇತಿ ಕೊಟ್ಟು, ಖಿನ್ನತೆಯಿಂದ ಬಳಲುವವರಿಗೆ ಸಲಹೆ ಕೊಡಲು ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ಸರಕಾರಿ ಕೇಂದ್ರಗಳಲ್ಲಿ ಅದರಿಂದ ಹೆಚ್ಚು ಜನ ಚೇತರಿಸಿಕೊಂಡರೆಂದು 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅತ್ತ ಅಮೆರಿಕದಲ್ಲಿ ತಾವೇ ರೋಗ ಅನುಭವಿಸಿ ಎದ್ದವರನ್ನು ತರಬೇತಿ ಕೊಟ್ಟು ಸಂಬಳದ ಕೆಲಸಕ್ಕೆ ಇಟ್ಟುಕೊಳ್ಳುವ ಪದ್ಧತಿ ಬೆಳೆದಿದೆ. ಎರಡು ವರ್ಷದ ಪದವಿಯೂ ಮಾನವ ಸೇವೆಯ ಹೆಸರಿನಲ್ಲಿ ಅನೇಕ ಕಾಲೇಜುಗಳಲ್ಲಿ ಉಳಿದಿದೆ. ನಮ್ಮ ಸಂಸತ್ತು 2021ರಲ್ಲಿ ಆರೋಗ್ಯ ಕ್ಷೇತ್ರದ ಪೂರಕ ವೃತ್ತಿಗಳಿಗಾಗಿ ಮಾಡಿದ ಕಾನೂನಿನ ಪಟ್ಟಿಯಲ್ಲಿ ಮಾನಸಿಕ ಆರೋಗ್ಯದ ಸಹಾಯಕ ಕಾರ್ಯಕರ್ತರ ಹೆಸರೂ ಇದೆ. ಅದನ್ನು ಓದಿದ ದಿನ ನಾನು ಆ ಪುಟವನ್ನು ಎರಡು ಸಲ ಓದಿದೆ. ಆಯಿಯ ಕೆಲಸಕ್ಕೆ ಸರಕಾರದ ಕಾಗದದಲ್ಲಿ ಒಂದು ಹೆಸರು ಬಿದ್ದಿತ್ತು.

ಮರುದಿನ ಬೆಳಿಗ್ಗೆ ಹುಡುಗಿಗೆ ಇಷ್ಟನ್ನೂ ಹೇಳಿದೆ. ಹೇಳುವಾಗ ಹುರಿದ ಸೇಂಗಾ ನಮ್ಮಿಬ್ಬರ ನಡುವೆ ಇತ್ತು, ಸಿಪ್ಪೆ ತೆಗೆಯುತ್ತ ಕೂತಿದ್ದೆವು. ಅವಳು ಕೇಳಿದಳು:

"ಅಂದ್ರ ನಾ ಕೌನ್ಸೆಲಿಂಗ್ ಓದಲೋ ಬ್ಯಾಡೋ, ಅಜ್ಜಿ?"

"ಓದು. ಆದರ ಸೇರೂ ಮುಂದ ಮೂರು ಮಾತು ಕೇಳು. ಪೇಶಂಟ್ ಹತ್ರ ಎಷ್ಟ ತಾಸು ಕೂಡಸ್ತಾರ? ಈ ಡಿಗ್ರಿ ಮ್ಯಾಲೆ ಮುಂದ ಓದಾಕ ದಾರಿ ಐತೇನು? ನೀ ಬರದದ್ದಕ್ಕ ಸಹಿ ಯಾರದ ಇರತೈತಿ?"

ಅವಳು ತನ್ನ ಫೋನಿನಲ್ಲಿ ಮೂರನ್ನೂ ಬರೆದುಕೊಂಡಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಗವ್ವನ ಹೆಸರೇನಿತ್ತ್ರೀ?" ಅಂದಳು. ನಮ್ಮ ಮನೆಯಲ್ಲಿ ಆ ಪ್ರಶ್ನೆಯನ್ನು ಬಹಳ ವರ್ಷಗಳಿಂದ ಯಾರೂ ಕೇಳಿರಲಿಲ್ಲ. ನಾನು ಹೇಳಿದೆ.